ಮುದುಕಿ ಕಳ್ಳಿಯಾದ ಪುಟ

ಅಥವಾ ಬೆಂಚಿನ ಮೇಲೆ ಬೋರಲು ಮಲಗಿದ್ದವಳು ನಾನಲ್ಲವೇನೋ. ನಾನೇ ಆಗಿದ್ದರೆ ನನ್ನ ಬೆನ್ನು ನನಗೆ ಕಂಡದ್ದು ಹೇಗೆ? ನೆನಪಿನಲ್ಲಿ ಕಾಣುವುದು ಬರೀ ಬೆನ್ನು. ಹಳದಿ ದುಪ್ಪಟಿಯನ್ನು ಕುತ್ತಿಗೆಗೆ ಗಂಟು ಹಾಕಿಕೊಂಡು, ಎರಡು ಕೈಯನ್ನೂ ಮುಂದಕ್ಕೆ ಚಾಚಿ, ನಡುಮನೆಯಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹಾರುತ್ತಿರುವ ಇಪ್ಪತ್ತೊಂದು ವರ್ಷದ ಹುಡುಗಿ. ಪಕ್ಕದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಾಳೆ, ತಲೆ ಎತ್ತಿ ನೋಡುವುದೂ ಇಲ್ಲ. ಇದನ್ನು ನಾನು ನೋಡಿರಲು ಸಾಧ್ಯವಿಲ್ಲ. ನೋಡಿದವಳು ಅತ್ತಿಗೆ, ನೋಡಿ ಬರೆದವಳೂ ಅವಳೇ. ಅವಳ ಚಿತ್ರ ಯಾವಾಗಲೋ ನನ್ನ ತಲೆಯೊಳಕ್ಕೆ ನುಗ್ಗಿ, ಅಲ್ಲಿದ್ದ ಅಸಲು ನೆನಪನ್ನು ಹೊರಗೆ ತಳ್ಳಿ, ಬಾಗಿಲು ಹಾಕಿಕೊಂಡಿದೆ. ಅವರೆಕಾಯಿ ಮಾತ್ರ ನನ್ನದೇ ಇರಬೇಕು. ಅತ್ತಿಗೆ ಅವರೆಕಾಯಿ ಬರೆಯಲಿಲ್ಲ.

ಊರು ಮುಳಬಾಗಿಲು. ಅದು ಖಚಿತ. ವರ್ಷ ಎಪ್ಪತ್ತೆಂಟು ಎಂದು ನಾನು, ಎಂಬತ್ತು ದಾಟಿತ್ತು ಎಂದು ಅತ್ತಿಗೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಪಹಣಿ ಬರೆದು ನಿವೃತ್ತರಾಗಿದ್ದರು. ಅವರ ಅಪ್ಪನೂ ಶಾನುಭೋಗರೇ. ಅಣ್ಣ ಕೋಲಾರದ ಕೋರ್ಟಿನಲ್ಲಿ ಟೈಪಿಸ್ಟು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವನು. ನಾನು ಬಿ.ಎ. ಮುಗಿಸಿದ್ದೆ. ಮುಂದೇನು ಎಂದು ಯಾರಾದರೂ ಕೇಳಿದರೆ ಎದ್ದು ಅಡಿಗೆ ಮನೆಗೆ ಹೋಗುತ್ತಿದ್ದೆ. ಅತ್ತಿಗೆ ಶ್ರೀನಿವಾಸಪುರದ ಕಡೆಯವಳು, ಗೌನಿಪಲ್ಲಿಯ ಮಾವಿನ ತೋಟದ ಮನೆ. ಅವಳ ಕನ್ನಡದಲ್ಲಿ ಅರ್ಧ ತೆಲುಗು, ಬೈಗುಳದಲ್ಲಿ ಪೂರ್ತಿ ತೆಲುಗು.

ಅವಳಿಗೆ ಚಿತ್ರ ಕಲಿಸಿದ್ದು ಮಾವಿನ ಪೆಟ್ಟಿಗೆ. ಸುಗ್ಗಿಯಲ್ಲಿ ಅವರ ತೋಟದ ಪೆಟ್ಟಿಗೆಗಳು ಮದರಾಸು, ಚಿತ್ತೂರು, ಬೆಂಗಳೂರು ಎಂದು ಮೂರು ದಿಕ್ಕಿಗೆ ಹೋಗುತ್ತಿದ್ದವು. ಇಳಿಸುವವರ ಭಾಷೆ ಮೂರು, ಅವರಲ್ಲಿ ಹೆಚ್ಚಿನವರಿಗೆ ಯಾವುದರಲ್ಲೂ ಓದು ಬರುತ್ತಿರಲಿಲ್ಲ. ಅದಕ್ಕೇ ಪೆಟ್ಟಿಗೆಯ ಮೇಲೆ ಅಕ್ಷರ ಬರೆಯುತ್ತಿರಲಿಲ್ಲ, ಗುರುತು ಬರೆಯುತ್ತಿದ್ದರು. ಎಂಟನೇ ವಯಸ್ಸಿನಿಂದ ಬ್ರಷ್ಷು ಇವಳ ಕೈಯಲ್ಲಿ. ಗಿಳಿ ಕೂತಿದ್ದರೆ ಇವತ್ತೇ ಮಾರಬೇಕಾದ ಹಣ್ಣು. ಗಿಳಿ ಹಾರುತ್ತಿದ್ದರೆ ದೂರ ಹೋಗಬೇಕಾದ ದೋರೆಗಾಯಿ. ಗಿಳಿ ತಲೆಕೆಳಗಾಗಿದ್ದರೆ ಈ ಪೆಟ್ಟಿಗೆಯನ್ನು ಮಗುಚಬಾರದು ಎಂದು. ಮೂರನೆಯದು ಕೆಲಸ ಮಾಡಲಿಲ್ಲವಂತೆ. ಗಿಳಿಯನ್ನು ನೆಟ್ಟಗೆ ಮಾಡಲು ಎಲ್ಲರೂ ಪೆಟ್ಟಿಗೆಯನ್ನೇ ಮಗುಚುತ್ತಿದ್ದರಂತೆ.

ಸೂಪರ್‌ಹೀರೋಗಳನ್ನು ಅವಳು ಕಂಡದ್ದು ಮದುವೆಯಾದ ಮೇಲೆ. ಕೋಲಾರದ ಬಸ್ ನಿಲ್ದಾಣದ ಹತ್ತಿರದ ರದ್ದಿ ಅಂಗಡಿಯಲ್ಲಿ ವಿದೇಶದ ಹಳೇ ಕಾಮಿಕ್ಸುಗಳು ರಟ್ಟು ಹರಿದು ಬಿದ್ದಿರುತ್ತಿದ್ದವು. ಹೊಸ ಹೆಂಡತಿಯನ್ನು ನಗಿಸೋಣವೆಂದು ಅಣ್ಣ ಒಂದು ಸಂಜೆ ನಾಲ್ಕು ತಂದ. ಅವನು ಜೀವನದಲ್ಲಿ ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು ಎಂದು ಆಮೇಲೆ ಅವನೇ ಹೇಳುತ್ತಿದ್ದ.

ಅತ್ತಿಗೆ ನಗಲಿಲ್ಲ. ಪುಟವನ್ನು ನೆಲದ ಮೇಲೆ ಹರಡಿ, ಮಾವಿನ ಕಾಯಿ ಅದುಮಿ ನೋಡುವವಳ ಹಾಗೆ ನೋಡಿದಳು.

"ಮಾತಿನ ಮೇಲೆ ಹೆಬ್ಬೆಟ್ಟು ಇಡೇ" ಎಂದಳು ನನಗೆ. "ಈಗ ಹೇಳು, ಏನಾಯ್ತು?"

"ಗೊತ್ತಾಗ್ತಿಲ್ಲ."

"ಬಿ.ಎ. ಮಾಡಿ ಏನು ಬಂತು ನಿಂಗೆ?"

ಹೆಬ್ಬೆಟ್ಟು ಸಾಲದೆ, ಅನ್ನದ ಅಗುಳು ಅರೆದು ಚೀಟಿ ಅಂಟಿಸಿ ಮಾತಿನ ಗುಳ್ಳೆಗಳನ್ನೆಲ್ಲ ಮುಚ್ಚಿಬಿಟ್ಟಳು. ಇಂಗ್ಲಿಷು ಓದಬಲ್ಲ ನಾನು ಪುಟದ ಮುಂದೆ ಕುರುಡಿಯಾದೆ. ಒಂದಕ್ಷರ ಇಂಗ್ಲಿಷು ಬಾರದ ಅವಳು ಕತೆ ಹೇಳುತ್ತಾ ಹೋದಳು. ಕೋಪ ಬಂದಾಗ ಚೌಕಗಳು ಇಕ್ಕಟ್ಟಾಗುತ್ತವೆ ನೋಡು. ಇವನ ಕಾಲು ಚೌಕದಿಂದ ಹೊರಗೆ ಬಂದಿದೆ, ಅಂದರೆ ಇವನನ್ನು ಹಿಡಿಯೋಕೆ ಆಗಲ್ಲ. ಇಲ್ಲಿ ಹಿಂದೆ ಗೋಡೆ ಇಲ್ಲ, ಬೀದಿ ಇಲ್ಲ, ಬರೀ ಬಿಳಿ. ಯಾಕೆ? ಅವಳಿಗೆ ಕೆಟ್ಟ ಸುದ್ದಿ ಬಂದಿದೆ, ಅವಳ ಕಣ್ಣಿಗೆ ಬೇರೇನೂ ಕಾಣ್ತಿಲ್ಲ. ಆಮೇಲೆ ನಾನು ಗುಟ್ಟಾಗಿ ಚೀಟಿ ಕಿತ್ತು ಓದಿದೆ. ಅರ್ಧ ಸರಿಯಿತ್ತು. ಉಳಿದರ್ಧದಲ್ಲಿ ಅವಳ ಕತೆಯೇ ಮೇಲು.

ಆರು ತಿಂಗಳಲ್ಲಿ ಅವಳು ತನ್ನದೇ ಹೀರೋನನ್ನು ಬರೆದು ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸಿದಳು. ವಾಪಸ್ ಬಂತು. ಮತ್ತೆ ಕಳಿಸಿದಳು. ಮತ್ತೆ ವಾಪಸ್. ಎರಡನೆಯ ಸಲ ಒಂದು ಕಾರ್ಡು ಜೊತೆಗಿತ್ತು. ಎಂಟು ಪುಟದ ಒಂದು ಕತೆ ಕಳಿಸಿ, ಗುಳ್ಳೆಗಳನ್ನು ಖಾಲಿ ಬಿಡಿ, ಮಾತು ನಮ್ಮವರು ಬರೆಯುತ್ತಾರೆ. ಆದರೆ ಮಾತಿಲ್ಲದೆಯೇ ಕತೆ ನನಗೆ ತಿಳಿಯಬೇಕು, ತಿಳಿಯದಿದ್ದರೆ ಇನ್ನು ಮುಂದೆ ಕಳಿಸುವ ಶ್ರಮ ಬೇಡ ಎಂದು ಸಂಪಾದಕರು ಬರೆದಿದ್ದರು.

ಅಣ್ಣ ಕಾರ್ಡನ್ನು ಎರಡು ಸಲ ಓದಿದ. ಮನೆಯಲ್ಲಿದ್ದದ್ದು ಒಂದೇ ಮೇಜು. ಅವನು ಮನೆಗೂ ಟೈಪಿಂಗ್ ಕೆಲಸ ತರುತ್ತಿದ್ದ, ಮೇಜಿನ ತುಂಬ ಇವಳ ಶಾಯಿ ಬಾಟಲಿ.

"ಇದು ಕೊನೇದು ಕಣೇ" ಎಂದ. "ಇದೂ ವಾಪಸ್ ಬಂದ್ರೆ ಮೇಜು ನಂಗೆ. ಆಮೇಲೆ ಅಳಬಾರದು."

"ಆಯ್ತು" ಎಂದಳು ಅತ್ತಿಗೆ. ವಾದ ಮಾಡದೆ ಅವಳು ಯಾವುದಕ್ಕೂ ಆಯ್ತು ಅಂದದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅವತ್ತೇ ನನಗೆ ಭಯವಾಯಿತು.

ಅವಳ ಹೀರೋಗೆ ಹೆಸರಿರಲಿಲ್ಲ. ಮನೆಯಲ್ಲಿ ಹಾರೋನು ಎನ್ನುತ್ತಿದ್ದೆವು. ಕಚ್ಚೆ ಪಂಚೆ, ಬರೀ ಮೈ, ಕುತ್ತಿಗೆಗೆ ದುಪ್ಪಟಿ. ತೋಳಿನಲ್ಲಿ ಗಂಟು ಗಂಟು. "ಗಂಡಸರ ತೋಳು ನೋಡ್ತಾ ಕೂತ್ರೆ ಅತ್ತೆ ಏನಂದಾರು? ಅದಕ್ಕೇ ನಮ್ಮ ತೋಟದ ಮರಗಳನ್ನ ನೆನೆಸ್ಕೊಂಡು ಬರೆದೆ" ಎಂದಳು. ತೋಳು ಮಾವಿನ ಮರದ್ದು. ಕೈ, ಕಾಲು, ಬೆನ್ನು ನನ್ನವು. ಬೆಳಿಗ್ಗೆ ಹಾರೋನಾಗಿ ಬೆಂಚಿನ ಮೇಲೆ ಮಲಗುತ್ತಿದ್ದೆ, ಊಟವಾದ ಮೇಲೆ ಕಳ್ಳನಾಗಿ ಬೀಳುತ್ತಿದ್ದೆ. ಬೀಳುವುದರಲ್ಲಿ ನನಗೆ ಪ್ರತಿಭೆಯಿದೆ ಎಂದು ಅವಳು ಹೊಗಳುತ್ತಿದ್ದಳು. ಬಿ.ಎ. ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲ.

ಮೊದಮೊದಲು ಹಾರೋನು ಹುಣಿಸೇ ಮರಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಊರನ್ನು ಮೇಲಿನಿಂದ ಅವಳು ನೋಡಿರಲಿಲ್ಲ, ನೋಡದ್ದನ್ನು ಬರೆಯುವವಳಲ್ಲ. ಒಂದು ಮಧ್ಯಾಹ್ನ ಊರ ಪಕ್ಕದ ಬಂಡೆ ಬೆಟ್ಟ ಹತ್ತಿದೆವು. ದೇವಸ್ಥಾನಕ್ಕೆ ಎಂದು ಅಮ್ಮನಿಗೆ ಹೇಳಿದ್ದೆವು. ಕೆಳಗೆ ಹೆಂಚುಗಳು, ಒಣಗಲು ಹಾಕಿದ ಸೀರೆಗಳು, ಬೀದಿಯಲ್ಲಿ ಕಾಲಿಲ್ಲದ ಜನ.

"ನೋಡೇ, ಮೇಲಿಂದ ನೋಡಿದ್ರೆ ಮನುಷ್ಯ ಅಂದ್ರೆ ಒಂದು ತಲೆ, ಎರಡು ಭುಜ, ಅಷ್ಟೇ" ಎಂದಳು. "ಅಲ್ಲಿ ಹೋಗ್ತಿರೋದು ಮಾವನವರ ತಲೆ ಅಲ್ವ?"

ಅಷ್ಟು ದೂರದಿಂದ ಅಪ್ಪನ ತಲೆ ಕಂಡಿತೆಂದು ಇವತ್ತು ನಾನು ನಂಬಲಾರೆ. ಆದರೆ ಮುಂದಿನ ವಾರದ ಹಾಳೆಯಲ್ಲಿ ಹಾರೋನು ಊರ ಮೇಲೆ ಹಾರಿದ, ಕೆಳಗೆ ಒಂದು ಬೋಳು ತಲೆ ಇತ್ತು.

ಅವಳ ಚಿತ್ರಗಳನ್ನು ಅಚ್ಚಿನಲ್ಲಿ ಮಾತ್ರ ನೋಡಿದವರಿಗೆ ಆ ಹಾಳೆಗಳು ಏನೆಂದು ಗೊತ್ತಾಗುವುದಿಲ್ಲ. ಅಸಲು ಹಾಳೆ ನಮ್ಮ ಊಟದ ಎಲೆಯಷ್ಟು ದೊಡ್ಡದು, ದಪ್ಪ, ಒಂದು ಕಡೆ ನುಣುಪು. ಶಾಯಿಯ ಕಪ್ಪಿನ ಕೆಳಗೆ ನೀಲಿ ಪೆನ್ಸಿಲ್ಲಿನ ಗೆರೆಗಳು. ಹಾರೋನ ಎಡಗೈ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಸರಿಯಿತು, ಕೊನೆಗೆ ಯಾವುದು ಗೆದ್ದಿತು, ಎಲ್ಲವೂ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ತಪ್ಪಾದಲ್ಲಿ ಬಿಳಿ ಬಣ್ಣ ಬಳಿದಿದ್ದು ಬೆರಳಿಗೆ ಸಿಗುತ್ತಿತ್ತು. ಅತ್ತಿಗೆ ಎಲ್ಲೆಲ್ಲಿ ಹಿಂಜರಿದಳು ಎಂಬುದನ್ನು ಕಣ್ಣು ಮುಚ್ಚಿ ಸವರಿ ಹೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ದಪ್ಪ ಬಿಳಿ ಹೀರೋನ ಮುಖದ ಮೇಲೆ. ಕಳ್ಳನ ಮುಖದ ಮೇಲೆ ಒಂದು ಚುಕ್ಕಿಯೂ ಇಲ್ಲ.

ಎರಡನೇ ಪುಟವನ್ನು ಅಮ್ಮನಿಗೆ ತೋರಿಸಿದಳು. ಒಂದು ಚೌಕದಲ್ಲಿ ಹಾರೋನು ಮುಷ್ಟಿ ಎತ್ತಿದ್ದಾನೆ, ಮುಂದಿನದರಲ್ಲಿ ಕಳ್ಳ ನೆಲದ ಮೇಲಿದ್ದಾನೆ.

"ಹೊಡೆದದ್ದು ಎಲ್ಲಿ?" ಎಂದಳು ಅಮ್ಮ.

"ಎರಡು ಚೌಕದ ನಡುವೆ ಬಿಳೀ ಸಂದಿ ಇದೆಯಲ್ಲ ಅತ್ತೆ, ಅಲ್ಲಿ."

"ಅಲ್ಲಿ ಏನೂ ಇಲ್ಲವಲ್ಲೇ."

"ಇಲ್ದಿದ್ರೆ ಅವನು ಹೆಂಗೆ ಬಿದ್ದ?"

ಅಮ್ಮ ಸಂದಿಯನ್ನು ನೋಡಿದಳು. ಕಡ್ಡಿಯಷ್ಟು ಅಗಲ. "ಜೋರಾಗೇ ಹೊಡೆದಿದಾನೆ" ಎಂದು ಒಪ್ಪಿ ಒಳಗೆ ಹೋದಳು.

ತೊಂದರೆ ಕೊಟ್ಟದ್ದು ಮೂರನೇ ಪುಟ. ಆರು ಚೌಕ, ಎರಡೆರಡರಂತೆ ಮೂರು ಸಾಲು. ಮೊದಲ ಸಾಲಿನಲ್ಲಿ ಬಸ್ಸಿನ ತಲೆಯ ಮೇಲೆ ಒಬ್ಬ ದಪ್ಪಗಿನವನು ಬುಟ್ಟಿಯ ಹಗ್ಗ ಬಿಚ್ಚುತ್ತಿದ್ದಾನೆ; ಪಕ್ಕದ ಚೌಕದಲ್ಲಿ ರಸ್ತೆಯಲ್ಲಿ ನಿಂತ ಮುದುಕಿ ಕೈ ಎತ್ತಿ ಕಿರುಚುತ್ತಿದ್ದಾಳೆ. ನಡುವಿನ ಸಾಲಿನಲ್ಲಿ ಹಾರೋನು ಮೇಲಿನಿಂದ ಎರಗುತ್ತಾನೆ. ಪಕ್ಕದಲ್ಲಿ ದಪ್ಪಗಿನವನು ಬಸ್ಸಿನಿಂದ ಬೀಳುತ್ತಿದ್ದಾನೆ. ಕೊನೆಯ ಸಾಲಿನಲ್ಲಿ ಬುಟ್ಟಿ ಹಾರೋನ ಕೈಯಲ್ಲಿ. ಪಕ್ಕದಲ್ಲಿ ಬುಟ್ಟಿ ಮುದುಕಿಯ ಕೈಯಲ್ಲಿ, ಅವಳು ನಗುತ್ತಿದ್ದಾಳೆ. ಇದಕ್ಕಿಂತ ಸರಳವಾದ ಕತೆ ಇರಲಾರದು ಎಂದುಕೊಂಡಿದ್ದೆವು. ಜನ್ಮದಲ್ಲಿ ಕಾಮಿಕ್ಸ್ ಮುಟ್ಟದವರ ಮೇಲೆ ಪರೀಕ್ಷೆ ಮಾಡೋಣ ಎಂದು ಹಾಳೆಯನ್ನು ಜಗಲಿಯಲ್ಲಿ ಕೂತಿದ್ದ ಅಪ್ಪನ ಮುಂದೆ ಇಟ್ಟೆ. ಅತ್ತಿಗೆ ಬಾಗಿಲ ಹಿಂದೆ ನಿಂತಳು.

ಅಪ್ಪ ಕನ್ನಡಕ ಒರೆಸಿದರು. ಒಳಗಿನಿಂದ ತಮ್ಮ ರೂಲುದೊಣ್ಣೆ ತರಿಸಿದರು. ಪಹಣಿಯ ಹಾಳೆ ಕಂಬಸಾಲುಗಳದ್ದು; ಒಂದು ಕಾಲಂ ಮೇಲಿನಿಂದ ಕೆಳಗಿನವರೆಗೆ ಮುಗಿಯದೆ ಪಕ್ಕದ್ದನ್ನು ಮುಟ್ಟಬಾರದು. ಮೂವತ್ತು ವರ್ಷ ಅವರ ಕಣ್ಣು ಹಾಗೇ ಇಳಿದಿತ್ತು. ರೂಲುದೊಣ್ಣೆಯನ್ನು ಪುಟದ ನಡುವೆ ಉದ್ದಕ್ಕೆ ನಿಲ್ಲಿಸಿ, ಎಡಗಡೆಯ ಮೂರು ಚೌಕವನ್ನು ಮೊದಲು ಓದಿದರು. ಆಮೇಲೆ ಬಲಗಡೆಯ ಮೂರು.

"ಪಾಪ, ಒಬ್ಬ ಕೂಲಿಯವನು ಬಸ್ಸಿನ ಮೇಲೆ ಬುಟ್ಟಿ ಬಿಚ್ತಾ ಇದಾನೆ" ಎಂದರು. "ದುಪ್ಪಟಿ ಹೊದ್ದ ಕಳ್ಳ ಮೇಲಿಂದ ಬಿದ್ದು ಬುಟ್ಟಿ ಕಿತ್ಕೊಂಡ. ಸರಿ. ಆಗ ಈ ಮುದುಕಿ ಕಿರುಚ್ತಾಳೆ. ಕೂಲಿಯವನು ಏನಪ್ಪಾ ಅಂತ ತಿರುಗಿದ, ಆಯ ತಪ್ಪಿ ಬಿದ್ದ. ಕೊನೇಲಿ ಬುಟ್ಟಿ ಯಾರ ಕೈಲಿದೆ? ಮುದುಕಿ ಕೈಲಿ." ಆ ಚೌಕದ ಮೇಲೆ ಬೆರಳಿಟ್ಟರು. "ಮುದುಕೀನೂ ಶಾಮೀಲು. ಕಿರುಚಿದ್ದೇ ಅವನನ್ನ ಬೀಳಿಸೋಕೆ. ನಗು ನೋಡು ಅವಳದ್ದು. ಯಾರಮ್ಮ ಬರೆದದ್ದು ಇದನ್ನ? ಬಲೇ ತಲೆ."

ಬಾಗಿಲ ಹಿಂದೆ ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಗುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ ಅಲ್ಲ.

"ಸಂಪಾದಕರೂ ಹಿಂಗೇ ಓದಿಬಿಟ್ರೆ?"

"ಅವರು ಪತ್ರಿಕೆಯೋರು, ಹಂಗೆಲ್ಲ ಓದಲ್ಲ."

"ಅವರಪ್ಪನೂ ಶಾನುಭೋಗರಾಗಿದ್ರೆ?"

ಮೂಲೆಯಲ್ಲಿ ಒಂದು ಎರಡು ಎಂದು ನಂಬರ್ ಹಾಕಿಬಿಡು ಎಂದೆ.

"ಊರ್ಕೋವೇ" ಎಂದಳು, ಬಾಯಿ ಮುಚ್ಚು ಎನ್ನುವುದು ಅವಳ ತೆಲುಗಿನಲ್ಲಿ ಹಾಗೆ. "ನಂಬರ್ ಹಾಕಿದ್ರೆ ಚಿತ್ರ ಸೋತಂಗೆ."

ಮುಂದಿನ ವಾರ ಹಾಳೆಯನ್ನು ಸುರುಳಿ ಮಾಡಿಕೊಂಡು ಪರೀಕ್ಷೆಗೆ ಹೊರಟೆವು. ಕೋಲಾರದ ರದ್ದಿ ಅಂಗಡಿಯವನು ಒಂದೇ ನೋಟಕ್ಕೆ ಸರಿಯಾಗಿ ಓದಿದ, ಅವನಿಗೆ ಅಭ್ಯಾಸವಿತ್ತು. ಗೌನಿಪಲ್ಲಿಯಲ್ಲಿ ಪೆಟ್ಟಿಗೆ ತುಂಬುವ ಹೆಂಗಸೊಬ್ಬಳು ಯಾವ ಚೌಕವನ್ನೂ ಓದದೆ, "ಬುಟ್ಟೀಲಿ ಇರೋದು ಯಾವ ಜಾತಿ ಕಾಯಿ?" ಎಂದು ಕೇಳಿದಳು. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸದ ನಮ್ಮ ಚಿಕ್ಕಪ್ಪ, ಸೂರಿಗೆ ಹೆಂಚು ಹೊದಿಸುವವರ ಹಾಗೆ, ಕೆಳಗಿನಿಂದ ಮೇಲಕ್ಕೆ ಓದಿದರು: ಮುದುಕಿ ನಗುತ್ತಾ ಬುಟ್ಟಿ ಕೊಟ್ಟಳು, ಅದು ಬಸ್ಸೇರಿತು, ಅವಳು ಕೈ ಎತ್ತಿ ಬೀಳ್ಕೊಟ್ಟಳು. ಈ ಚಿಕ್ಕಪ್ಪನ ಕತೆಯನ್ನು ನಾನು ಹತ್ತು ವರ್ಷ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಒಮ್ಮೆ ಅತ್ತಿಗೆಯ ಎದುರಿಗೇ ಹೇಳಿದಾಗ ಅವಳು ತಣ್ಣಗೆ, "ನಾವು ಮಾಲೂರಿಗೆ ಹೋಗೇ ಇಲ್ಲ ಕಣೇ, ಅವತ್ತು ಬಸ್ಸು ಕೆಟ್ಟಿತ್ತು" ಎಂದಳು. ಇರಬಹುದು. ಅಳಿಸಲು ಮನಸ್ಸು ಬರುತ್ತಿಲ್ಲ. ಓದುವವರು ಬೇಕಾದರೆ ಮಾಲೂರಿನ ಮೇಲೆ ಬಿಳಿ ಬಣ್ಣ ಬಳಿದುಕೊಳ್ಳಲಿ.

ಅತ್ತಿಗೆ ಪುಟವನ್ನು ಹೊಸದಾಗಿ ಬರೆದಳು. ನಾಲ್ಕು ಮಧ್ಯಾಹ್ನ ಹಿಡಿಯಿತು. ಈಗ ಬುಟ್ಟಿಯ ಹಗ್ಗ ಮೊದಲ ಚೌಕದ ಅಂಚು ದಾಟಿ, ಬಿಳೀ ಸಂದಿಯನ್ನೂ ದಾಟಿ, ಮುದುಕಿಯ ಚೌಕದೊಳಕ್ಕೆ ತೂಗುತ್ತಿತ್ತು. ಮುದುಕಿಯ ಎತ್ತಿದ ಕೈ ನೆಟ್ಟಗಿರದೆ ಕೆಳಗಡೆ ಎಡಕ್ಕೆ, ಹಾರೋನ ಕಡೆಗೆ, ಬಾಗಿತ್ತು. ಆ ಕೈಗಾಗಿ ನಾನು ಒಂದು ಗಂಟೆ ತೋಳು ಎತ್ತಿಕೊಂಡು ನಿಂತಿದ್ದೆ. ಮತ್ತೆ ಅಪ್ಪನ ಮುಂದೆ ಇಟ್ಟೆವು. ರೂಲುದೊಣ್ಣೆ ಎದ್ದು ನಿಂತಿತು. ಆದರೆ ಅಪ್ಪನ ಕಣ್ಣು ಹಗ್ಗ ಹಿಡಿದುಕೊಂಡು ಬಲಕ್ಕೆ ಹೋಯಿತು, ಅಲ್ಲಿಂದ ಕೈ ಹಿಡಿದು ಎಡಕ್ಕಿಳಿಯಿತು. ಮೂವತ್ತು ವರ್ಷದ ಪಹಣಿಯನ್ನು ಒಂದು ಮೊಳ ಹಗ್ಗ ಕಿತ್ತೆಸೆದದ್ದನ್ನು ನಾನು ಕಣ್ಣಾರೆ ಕಂಡೆ.

"ಇದು ಸಾಧಾರಣ ಕತೆ" ಎಂದರು ಅಪ್ಪ, ಹಾಳೆ ಪಕ್ಕಕ್ಕೆ ಸರಿಸಿ. "ಕಳ್ಳ ಕದ್ದ, ದೇವರಂಥೋನು ಬಂದು ಕೊಡಿಸಿದ. ಮೊದಲಿನದ್ರಲ್ಲಿ ಆ ಮುದುಕಿ ಎಂಥಾ ಹೆಂಗಸಾಗಿದ್ಲು."

ಸಂಜೆ ಅತ್ತಿಗೆ ಸಾರಿಗೆ ಒಗ್ಗರಣೆ ಹಾಕುತ್ತಾ, ಯಾರಿಗೂ ಅಲ್ಲವೆಂಬಂತೆ, "ಮಾವನವರು ಹೇಳಿದ್ದು ಸುಳ್ಳಲ್ಲ" ಎಂದಳು.

ಮಾರನೆಯ ದಿನ ಎಂಟು ಹಾಳೆಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ದಾರ ಕಟ್ಟಿ, "ಸಂಜೆ ಅಂಚೆಗೆ ಹಾಕ್ಬಿಡೇ" ಎಂದು ನನಗೆ ಕೊಟ್ಟಳು. ಮೂರನೇ ಪುಟ ಯಾವುದು ಇಟ್ಟೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಸದೇ ಇಟ್ಟಿರುತ್ತಾಳೆ ಎಂದು ನನಗೆ ಖಾತ್ರಿ. ಉಳಿದ ಒಂದು ಹಾಳೆ ಮೇಜಿನ ಮೇಲಿತ್ತು. ಶಾಯಿ ಉಜ್ಜದಿರಲೆಂದು ಅವಳು ಪ್ರತಿ ಹಾಳೆಯ ಮುಖಕ್ಕೂ ಹಳೇ ಪತ್ರಿಕೆಯ ಮುಸುಕು ಅಂಟಿಸುತ್ತಿದ್ದಳು; ಇದಕ್ಕೂ ಇತ್ತು.

ಅವಳು ಬಾವಿಗೆ ಹೋದಾಗ ನಾನು ದಾರ ಬಿಚ್ಚಿದೆ.

ಕಾರಣ ದೊಡ್ಡದೇನಲ್ಲ. ನನಗೆ ಕಳ್ಳಿ ಮುದುಕಿ ಬೇಕಾಗಿದ್ದಳು. ಅವಳ ಮೇಜು, ಅವಳ ಕೊನೆಯ ಅವಕಾಶ ಎಲ್ಲ ತಲೆಯಲ್ಲಿತ್ತು. ಆದರೂ, ಎಲ್ಲೋ ಬೆಂಗಳೂರಿನಲ್ಲಿ ಒಬ್ಬ ಸಂಪಾದಕ ಮುದುಕಿಯ ನಗುವನ್ನು ನೋಡಿ ಬೆಚ್ಚುವುದು ನನ್ನ ಕಣ್ಣಿಗೆ ಕಟ್ಟಿತು. ಮೂರನೇ ಹಾಳೆ ಎಳೆದೆ, ಮೇಜಿನ ಮೇಲಿನದ್ದನ್ನು ಆ ಜಾಗಕ್ಕೆ ತಳ್ಳಿದೆ, ಎಳೆದದ್ದನ್ನು ಮೇಜಿನ ಮೇಲೆ ಹಾಕಿದೆ. ಮುಸುಕು ಎತ್ತಿ ನೋಡಲಿಲ್ಲ. ಅಮ್ಮನ ಬಳೆ ಸದ್ದಾಗಿತ್ತು. ದಾರಕ್ಕೆ ಮೊದಲಿನ ಹಾಗೇ ಗಂಟು ಹಾಕಿದೆ, ಅಂಚೆಗೆ ಹಾಕಿ ಬಂದೆ. ಬರುವಷ್ಟರಲ್ಲಿ ಅತ್ತಿಗೆ ಮೇಜು ಚೊಕ್ಕಟ ಮಾಡಿದ್ದಳು. ಬೇಡದ ಹಾಳೆಗಳೆಲ್ಲ ಹಂಡೆ ಒಲೆಗೆ; ಅದು ಅವಳ ಪದ್ಧತಿ. ಉಳಿದದ್ದೂ ಹೋಗಿತ್ತು, ಮುಸುಕಿನ ಸಮೇತ.

ಮುಂದಿನ ವಾರಗಳಲ್ಲಿ ನಾನು ಅಂಚೆಯವನನ್ನು ಕಂಡರೆ ಹಿತ್ತಲಿಗೆ ಹೋಗುತ್ತಿದ್ದೆ. ಅತ್ತಿಗೆ ಖಾಲಿ ಮೇಜಿನ ಮುಂದೆ ಸುಮ್ಮನೆ ಕೂರುತ್ತಿದ್ದಳು. ಅಣ್ಣ ಟೈಪ್‌ರೈಟರನ್ನು ಟ್ರಂಕಿನ ಮೇಲಿಟ್ಟುಕೊಂಡು, ಮೇಜಿನ ಕಡೆ ನೋಡದೆ ಕುಟ್ಟುತ್ತಿದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿಬಿಡೋಣ ಅಂದುಕೊಂಡೆ. ಹಪ್ಪಳ ಚೆನ್ನಾಗಿದೆ ಎಂದೆ.

ಕಾಗದ ಬಂತು. ಪ್ರಕಟಿಸುತ್ತೇವೆ ಎಂದಿತ್ತು. ನಮ್ಮ ಅಳತೆ ಬೇರೆ, ಪುಟಕ್ಕೆ ನಾಲ್ಕು ಚೌಕದಂತೆ ಎಲ್ಲವನ್ನೂ ಮತ್ತೆ ಬರೆದು ಕಳಿಸಿ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಮೂರನೇ ಪುಟದ ಮುದುಕಿ ನಮಗೆಲ್ಲ ಬಹಳ ಹಿಡಿಸಿದಳು, ಅವಳನ್ನು ಬಿಡಬೇಡಿ, ಮುಂದುವರಿಸಿ.

ಅತ್ತಿಗೆ ಅದನ್ನು ಓದಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಮೇಜು ಅವಳಿಗೇ ಉಳಿಯಿತು. ಕಳಿಸಿದ್ದ ಹಾಳೆಗಳು ಮಾತ್ರ ವಾಪಸ್ ಬರಲಿಲ್ಲ. ಪತ್ರಿಕೆಯವರು ಎಲ್ಲೋ ಕಳೆದರು. ಅಚ್ಚಾದದ್ದು ಹೊಸ ಅಳತೆಯಲ್ಲಿ ಬರೆದದ್ದು, ಬೇರೆಯೇ ಪುಟ. ಅದರಲ್ಲಿ ಮುದುಕಿ ಎಲ್ಲ ವಾರವೂ ಬಂದಳು, ಬುಟ್ಟಿ ಹಿಡಿದುಕೊಂಡು ನಗುತ್ತಾ. ಗುಳ್ಳೆಗಳಲ್ಲಿ ಬೆಂಗಳೂರಿನ ಯಾರೋ ಅವಳ ಬಾಯಿಗೆ ಒಳ್ಳೊಳ್ಳೆಯ ಮಾತು ತುಂಬಿದ್ದರು. ಅಪ್ಪ ರೂಲುದೊಣ್ಣೆ ನಿಲ್ಲಿಸಿಯೇ ಓದುತ್ತಿದ್ದರು. ಅಕ್ಷರಗಳನ್ನು ನೋಡುತ್ತಲೇ ಇರಲಿಲ್ಲ. "ಅವನ್ನ ಬೇರೆಯೋರು ಬರೆದಿರೋದು, ಅವರಿಗೇನು ಗೊತ್ತು ಇವಳ ವಿಷಯ" ಎನ್ನುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಅತ್ತಿಗೆಗೆ ತಪ್ಪೊಪ್ಪಿಕೊಂಡೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾನು ಹಳೇದನ್ನೇ ಇಟ್ಟಿದ್ದೆ ಕಣೇ. ನೀನು ಹೊಸದನ್ನ ಕಳಿಸಿಬಿಟ್ಟೆ" ಎಂದಳು. ಇನ್ನೊಂದು ಸಲ ಕೇಳಿದಾಗ, "ಹೊಸದೇ ಇಟ್ಟಿದ್ದೆ, ನೀನು ಬದಲಾಯಿಸ್ತೀಯ ಅಂತ ಗೊತ್ತಿದ್ದೇ ಬಾವಿಗೆ ಹೋದೆ" ಎಂದಳು. ಮೂರನೇ ಸಲ ಕೇಳಿದಾಗ, ಯಾವ ಹಾಳೆ, ಯಾವ ಮುದುಕಿ ಎಂದಳು. ಎರಡರಲ್ಲಿ ಯಾವ ಪುಟ ಬೆಂಗಳೂರಿಗೆ ಹೋಯಿತೋ ನನಗೆ ಗೊತ್ತಿಲ್ಲ. ಸಂಪಾದಕರಿಗೆ ಹಿಡಿಸಿದವಳು ಬುಟ್ಟಿ ಕಳಕೊಂಡ ಮುದುಕಿಯೋ, ಬುಟ್ಟಿ ಹೊಡೆದ ಮುದುಕಿಯೋ, ಅದೂ ಗೊತ್ತಿಲ್ಲ.